ಮಾರ್ಗದಾಳು: ತಂತಿಯ ಕಸುಬು ಬೆಳೆದು ಬಂದ ದಾರಿ

ಮುಂಗಾರಿನ ಮೊದಲ ಗಾಳಿಮಳೆ. ಔರಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 'ಲೈಟ್ ಹೋಗ್ಯದ' ಎಂಬ ಮಾತು ಮನೆಯಿಂದ ಮನೆಗೆ ಹಬ್ಬುತ್ತದೆ. ಎಲ್ಲರೂ ಒಬ್ಬನ ದಾರಿ ಕಾಯುತ್ತಾರೆ. ಹಗ್ಗ, ಕಟಿಂಗ್ ಪ್ಲೈಯರ್, ಬೆಲ್ಟು ಹಿಡಿದು ಬರುವ ಲೈನ್‌ಮನ್ ಅವನು. ದೀಪ ಮತ್ತೆ ಹತ್ತಿಕೊಂಡ ಮೇಲೆ ಅವನ ನೆನಪು ಯಾರಿಗೂ ಇರುವುದಿಲ್ಲ.

ನಿಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಕುಳಿತ ಹುಡುಗರಲ್ಲಿ ಒಬ್ಬಿಬ್ಬರಾದರೂ ಈ ಕೆಲಸದ ಕನಸು ಕಾಣುತ್ತಿರಬಹುದು. ಕನ್ನಡದ ಸರ್ಕಾರಿ ಕಡತಗಳಲ್ಲಿ ಈ ಹುದ್ದೆಗೆ 'ಮಾರ್ಗದಾಳು' ಎಂಬ ಹೆಸರಿತ್ತು. ಮುಂದೆ ಅದು 'ಪವರ್‌ಮ್ಯಾನ್' ಆಯಿತು. 2024ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ತನಗೂ ವಿದ್ಯುತ್ ಸರಬರಾಜು ಕಂಪನಿಗಳಿಗೂ ಸೇರಿ ಒಟ್ಟು 2,975 ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಕೇಳಿದ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಆಯ್ಕೆಗೆ ಆಧಾರ ಅದೇ ಪರೀಕ್ಷೆಯ ಅಂಕಗಳು. ಜೊತೆಗೆ ದೇಹದಾರ್ಢ್ಯ ಪರೀಕ್ಷೆ. ಅದರಲ್ಲಿ ಓಟ, ಗುಂಡು ಎಸೆತ, ಸ್ಕಿಪ್ಪಿಂಗ್ ಇದ್ದರೂ ಕಡ್ಡಾಯವಾಗಿದ್ದುದು ಒಂದೇ: ವಿದ್ಯುತ್ ಕಂಬ ಹತ್ತುವುದು.

ಅಂಕಪಟ್ಟಿ ಮತ್ತು ಕಂಬ ಹತ್ತುವ ಬಲ, ಇವೆರಡರ ನಡುವೆ ಇರಬೇಕಾದ ಮೂರನೆಯದು ಒಂದಿದೆ. ಅದು ತಂತಿಯೊಳಗಿನ ವಿದ್ಯುತ್ತಿನ ತಿಳಿವಳಿಕೆ. ಈ ತಿಳಿವಳಿಕೆ ಕಂಬದ ಮೇಲಿನ ಮನುಷ್ಯನವರೆಗೆ ತಲುಪಿದ ಬಗೆಯೇ ಈ ಕಸುಬಿನ ಚರಿತ್ರೆ. ಬನ್ನಿ, ಅದನ್ನು ಮೊದಲಿನಿಂದ ನೋಡೋಣ.

ಹೆಸರು ಬಂದದ್ದು ತಂತಿ ಸಂದೇಶದಿಂದ

ಲೈನ್‌ಮನ್ ಎಂಬ ಹೆಸರು ವಿದ್ಯುತ್ ದೀಪಕ್ಕಿಂತ ಹಳೆಯದು. 1844ರಲ್ಲಿ ಅಮೆರಿಕದಲ್ಲಿ ಮೋರ್ಸ್ ತಂತಿ ಸಂದೇಶ ಕಳಿಸಿದ ನಂತರ ಊರಿಂದೂರಿಗೆ ಕಂಬ ನೆಟ್ಟು ತಂತಿ ಎಳೆಯುವ ಆಳುಗಳು ಬೇಕಾದರು. ಭಾರತದಲ್ಲಿ ವೈದ್ಯನೂ ರಸಾಯನ ವಿಜ್ಞಾನಿಯೂ ಆಗಿದ್ದ ವಿಲಿಯಂ ಓ'ಶಾಘ್ನೆಸಿ 1851ರಲ್ಲಿ ಕಲ್ಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವೆ ತಂತಿ ಮಾರ್ಗವನ್ನು ಕೆಲಸಕ್ಕೆ ತಂದ. ಈ ತಂತಿಗಳಿಗೆ ಶಕ್ತಿ ಒದಗಿಸುತ್ತಿದ್ದುದು ಬ್ಯಾಟರಿ. ತಂತಿ ಮುಟ್ಟಿದರೆ ಜೀವ ಹೋಗುವ ಭಯ ಅಷ್ಟಾಗಿ ಇರಲಿಲ್ಲ. ಬೀಳುವುದೇ ದೊಡ್ಡ ಅಪಾಯ.

1880ರ ದಶಕದಲ್ಲಿ ಈ ಸ್ಥಿತಿ ಬದಲಾಯಿತು. ನಗರಗಳಿಗೆ ವಿದ್ಯುತ್ ದೀಪ ಬಂದಾಗ ಅದೇ ಬೀದಿಗಳಲ್ಲಿ ಟೆಲಿಗ್ರಾಫ್ ತಂತಿಯ ಪಕ್ಕದಲ್ಲೇ ಹೆಚ್ಚಿನ ವೋಲ್ಟೇಜಿನ ತಂತಿಗಳೂ ಹಾದುಹೋದವು. 1889ರ ಅಕ್ಟೋಬರ್ 11ರಂದು ನ್ಯೂಯಾರ್ಕ್‌ನಲ್ಲಿ ಜಾನ್ ಫೀಕ್ಸ್ ಎಂಬ ಲೈನ್‌ಮನ್ ಕಂಬದ ಮೇಲೆ, ಸಾವಿರಾರು ಜನರ ಕಣ್ಣೆದುರೇ ಸತ್ತ. ಅವನು ಕೈಹಾಕಿದ್ದು ಅಪಾಯವಿಲ್ಲದ ಟೆಲಿಗ್ರಾಫ್ ತಂತಿಗೆ. ಆದರೆ ಕೆಲವು ಬೀದಿಗಳ ಆಚೆ ಆ ತಂತಿ ದೀಪದ ಮಾರ್ಗಕ್ಕೆ ತಗುಲಿಕೊಂಡಿತ್ತು. ತಾನು ಹಿಡಿದದ್ದು ಸತ್ತ ತಂತಿ ಎಂದು ಅವನು ನಂಬಿದ್ದ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ವರ್ಷದ ನಂತರ, 1891ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ ವಿದ್ಯುತ್ ಕೆಲಸಗಾರರು ಸಂಘ ಕಟ್ಟಿಕೊಂಡರು. ಅದರ ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ ಸ್ವತಃ ಲೈನ್‌ಮನ್. ಕೆಲಸ ಕಲಿಸದೆ ಯಾರನ್ನೂ ಕಂಬ ಹತ್ತಿಸಬಾರದು ಎಂಬುದು ಇಂತಹ ಸಂಘಗಳ ಮುಖ್ಯ ಬೇಡಿಕೆಗಳಲ್ಲಿ ಒಂದಾಗಿ ಬೆಳೆಯಿತು. ಮಿಲ್ಲರ್ 1896ರಲ್ಲಿ ಕೆಲಸದ ಮೇಲಿದ್ದಾಗಲೇ ವಿದ್ಯುದಾಘಾತಕ್ಕೆ ಸಿಕ್ಕಿ, ಕಂಬದಿಂದ ಬಿದ್ದು ತೀರಿಕೊಂಡ.

ಶಿವನಸಮುದ್ರದ 147 ಕಿಲೋಮೀಟರ್

ಇದಾದ ಆರು ವರ್ಷಕ್ಕೆ, 1902ರ ಜೂನ್ 30ರಂದು, ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಮಾರ್ಗದ ಉದ್ದ ಸುಮಾರು 147 ಕಿಮೀ, ವೋಲ್ಟೇಜು 35,000. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1905ರ ಆಗಸ್ಟ್ 5ರಂದು ಬೆಂಗಳೂರಿಗೂ ದೀಪ ಬಂತು.

ಅಷ್ಟು ಹೆಚ್ಚಿನ ವೋಲ್ಟೇಜು ಏಕೆ? ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅದೇ ಸಾಮರ್ಥ್ಯವನ್ನು ಹತ್ತು ಪಟ್ಟು ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಹತ್ತರಲ್ಲೊಂದು ಪಾಲಾಗುತ್ತದೆ, ನಷ್ಟ ನೂರರಲ್ಲೊಂದು ಪಾಲಾಗುತ್ತದೆ. ದೂರದ ಊರಿಗೆ ವಿದ್ಯುತ್ ಒಯ್ಯಲು ಇದೇ ದಾರಿ. ಇಲ್ಲೊಂದು ಕೊಡುಕೊಳ್ಳುವಿಕೆ ಇದೆ, ಗಮನಿಸಿ. ನಷ್ಟ ಕಡಿಮೆಯಾಗಬೇಕಾದರೆ ವೋಲ್ಟೇಜು ಏರಬೇಕು. ವೋಲ್ಟೇಜು ಏರಿದಷ್ಟೂ ತಂತಿ ದುರಸ್ತಿ ಮಾಡುವವನಿಗೆ ಅಪಾಯ ಹೆಚ್ಚು. ಹೀಗೆ ದೂರಕ್ಕೆ ವಿದ್ಯುತ್ ಒಯ್ಯುವ ಉಪಾಯವೇ ಮಾರ್ಗದಾಳಿನ ಕಸುಬನ್ನು ಪರಿಣತಿಯ ಕಸುಬಾಗಿ ಮಾಡಿತು.

ಬೀದರಿನ ದಾರಿ ಬೇರೆ

ಶಿವನಸಮುದ್ರದ ಕತೆ ಮೈಸೂರು ಸಂಸ್ಥಾನದ್ದು. ಬೀದರ್, ಭಾಲ್ಕಿ, ಔರಾದ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿಯೂ ವಿದ್ಯುತ್ ಬಂತು, ಆದರೆ ಬಂದದ್ದು ರಾಜಧಾನಿಗೆ. ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ 1920ರಲ್ಲಿ ಉಷ್ಣ ವಿದ್ಯುದಾಗಾರ ನೆಲೆಗೊಂಡಿತು. ಬೀದರಿನ ಹಳ್ಳಿಗಳಿಗೆ ಅದರ ಬೆಳಕು ಬಹಳ ದೂರವಿತ್ತು.

ವಿದ್ಯೆಯೂ ಅಷ್ಟೇ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಟ್ಟಿತು. ಅದಕ್ಕಾಗಿ ಒಂದು ಭಾಷಾಂತರ ಸಂಸ್ಥೆಯೇ ಕೂತು ವಿಜ್ಞಾನದ ಪದಗಳನ್ನು ಉರ್ದುವಿನಲ್ಲಿ ರೂಪಿಸಿತು. ಭಾರತೀಯ ಭಾಷೆಯಲ್ಲಿ ವಿಜ್ಞಾನ ಕಲಿಸಬಹುದು ಎಂಬುದಕ್ಕೆ ಇದು ದೊಡ್ಡ ಸಾಕ್ಷಿ. ಆದರೆ ಕನ್ನಡ, ಮರಾಠಿ ಮಾತಾಡುವ ಹಳ್ಳಿಯ ಮಗುವಿಗೆ ಆ ಬಾಗಿಲು ತೆರೆಯಲಿಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಪ್ರತಿಯೊಬ್ಬ ಶಿಕ್ಷಕರಿಗೂ ಗೊತ್ತು. ತನ್ನ ಮಾತಿನಲ್ಲಿ ಓದುವ ಹಕ್ಕೇ ಹೀಗೆ ಕದ್ದುಮುಚ್ಚಿ ದಕ್ಕಬೇಕಾಗಿದ್ದಾಗ ತಾಂತ್ರಿಕ ಶಿಕ್ಷಣದ ಮಾತು ಇನ್ನೂ ಮುಂದಿನದು.

1948ರಲ್ಲಿ ಹೈದರಾಬಾದ್ ಭಾರತ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಬಂತು. ಮರುವರ್ಷ, 1957ರ ಅಕ್ಟೋಬರ್ 1ರಂದು, ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಮುಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯಾದದ್ದು ಇದೇ. ಶರಾವತಿಯ ವಿದ್ಯುತ್ 1960ರ ದಶಕದಲ್ಲಿ ರಾಜ್ಯದ ಜಾಲಕ್ಕೆ ಹರಿಯಿತು. ಆದರೆ ಭೂಪಟದಲ್ಲಿ ಶರಾವತಿ ಎಲ್ಲಿ, ಔರಾದ್ ಎಲ್ಲಿ ಎಂದು ನೋಡಿ. ರಾಜ್ಯದ ಉತ್ತರದ ತುತ್ತತುದಿ ಇದು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಕಡಿಮೆಯಾಗುವಂತೆ, ಉದ್ದನೆಯ ಮಾರ್ಗದ ಕೊನೆಯಲ್ಲಿ ವೋಲ್ಟೇಜು ಇಳಿಯುತ್ತದೆ. 1985ರಲ್ಲಿ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದಾಗ ರಾಜ್ಯದ ಉತ್ತರ ಭಾಗಕ್ಕೆ ಹತ್ತಿರದ ಮೂಲವೊಂದು ಸಿಕ್ಕಿತು.

1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುದೀಕರಣ ನಿಗಮ ಹಳ್ಳಿಗಳಿಗೆ ಮಾರ್ಗ ಎಳೆಯಲು ಸಾಲ ಒದಗಿಸಿತು. ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ದೀಪ ಕೊಟ್ಟಿತು. ಬಾವಿಗೆ ಪಂಪುಸೆಟ್ಟು ಕೂತಿತು. 2005ರಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ ಬಂತು. 1999ರಲ್ಲಿ ಮಂಡಳಿ ನಿಗಮವಾಯಿತು, 2002ರಲ್ಲಿ ಈ ಭಾಗಕ್ಕೆ ಕಲಬುರಗಿಯನ್ನು ಕೇಂದ್ರವಾಗಿ ಉಳ್ಳ ಜೆಸ್ಕಾಂ ರೂಪುಗೊಂಡಿತು. ಪ್ರತಿ ಹೆಜ್ಜೆಯಲ್ಲೂ ತಂತಿ ಉದ್ದವಾಯಿತು, ಕಂಬ ಹೆಚ್ಚಾದವು. ಕಂಬ ಹತ್ತುವವರೂ ಬೇಕಾದರು.

ಕಸುಬಿಗೊಂದು ಶಾಲೆ

ಮೊದಮೊದಲು ಈ ಕೆಲಸ ಕಲಿಯಲು ಇದ್ದ ಶಾಲೆ ಒಂದೇ: ಹಿರಿಯನ ಹಿಂದೆ ನಡೆಯುವುದು. ಗುಂಡಿ ತೋಡುವ, ಕಂಬ ಎತ್ತುವ ಗ್ಯಾಂಗಿಗೆ ಸೇರಿ, ನೋಡಿ ನೋಡಿ ಕಲಿಯುವುದು. ಹೀಗೆ ಕಲಿತವರಲ್ಲಿ ಅಪ್ಪಟ ಕುಶಲಿಗಳು ಇದ್ದರು, ಇಂದಿಗೂ ಇದ್ದಾರೆ. ಆದರೆ ನೋಡಿ ಕಲಿಯುವವನಿಗೆ 'ಹೇಗೆ' ಎಂಬುದು ಸಿಗುತ್ತದೆ, 'ಏಕೆ' ಎಂಬುದು ಸಿಗದಿರಬಹುದು. ಹೊಸ ಸನ್ನಿವೇಶ ಎದುರಾದಾಗ ಕೈಹಿಡಿಯುವುದು 'ಏಕೆ' ಎಂಬುದೇ.

1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆ ಆರಂಭಿಸಿತು. ಕೈಗಾರಿಕಾ ತರಬೇತಿ ಸಂಸ್ಥೆಗಳು, ಎಂದರೆ ಐ.ಟಿ.ಐ.ಗಳು, ಬಂದದ್ದು ಹೀಗೆ. 1956ರಲ್ಲಿ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ ರಚನೆಯಾಗಿ ಪಠ್ಯಕ್ಕೂ ಪ್ರಮಾಣಪತ್ರಕ್ಕೂ ಏಕರೂಪ ಬಂತು. 1961ರ ಶಿಕ್ಷಾರ್ಥಿಗಳ ಕಾಯಿದೆ ಕಾರ್ಖಾನೆ ಮತ್ತು ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳುವ ವ್ಯವಸ್ಥೆ ಮಾಡಿತು.

ಇಂದು ಭಾಲ್ಕಿ ಅಥವಾ ಔರಾದ್ ಕಡೆಯ ವಿದ್ಯಾರ್ಥಿಯ ಎದುರು ಇರುವ ದಾರಿ ಸ್ಥೂಲವಾಗಿ ಹೀಗಿದೆ. ಹತ್ತನೆಯ ತರಗತಿಯ ನಂತರ ಐ.ಟಿ.ಐ.ಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿ ಪಡೆಯಬಹುದು. ಅದಾದ ಮೇಲೆ ಅಪ್ರೆಂಟಿಸ್ ಆಗಬಹುದು. ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಡಿಪ್ಲೊಮಾ ಆದವರು ಅದೇ ರೀತಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಹೋಗಬಹುದು. ಬೀದರಿನಲ್ಲಿ 1980ರಲ್ಲಿ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯಲ್ಲಿ 1982ರಲ್ಲಿ ರೂರಲ್ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಭಾಲ್ಕಿಯ ಕಾಲೇಜಿಗೆ ಈಗ ಭೀಮಣ್ಣ ಖಂಡ್ರೆಯವರ ಹೆಸರಿದೆ. ಒಂದು ಕಾಲಕ್ಕೆ ಹೈದರಾಬಾದಿನಲ್ಲಿ ಮಾತ್ರ ಇದ್ದ ವಿದ್ಯೆ ತಾಲ್ಲೂಕು ಕೇಂದ್ರಕ್ಕೆ ಬಂದಿತು.

ಇನ್ನೊಂದು ದಾರಿ ಆರಂಭದಲ್ಲಿ ಹೇಳಿದ ನೇರ ನೇಮಕಾತಿ. 2024ರ ಪ್ರಕಟಣೆಯಂತೆ ಆಯ್ಕೆಯಾದ ಕಿರಿಯ ಪವರ್‌ಮ್ಯಾನ್‌ಗೆ ಮೊದಲ ಮೂರು ವರ್ಷ ತರಬೇತಿಯ ಅವಧಿ. ಇವೆರಡಕ್ಕೂ ಹೊರತಾಗಿ, ಗುತ್ತಿಗೆದಾರರ ಕೈಕೆಳಗೆ ದಿನಗೂಲಿಗೆ ದುಡಿಯುವ ಹುಡುಗರಿದ್ದಾರೆ. ಅವರಲ್ಲಿ ಅನೇಕರಿಗೆ ಶಾಲೆಯ ವಿಜ್ಞಾನ ಪಾಠವೇ ಮೊದಲ ಮತ್ತು ಕೊನೆಯ ವಿದ್ಯುತ್ ಪಾಠ.

ಎರೆ ಮಣ್ಣು, ಕೆಂಪು ಕಲ್ಲು

ಪುಸ್ತಕದ ಪಾಠಕ್ಕೆ ಊರಿನ ನೆಲ ತನ್ನ ಪಾಠವನ್ನು ಸೇರಿಸುತ್ತದೆ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೋಟೆಯ ಕೆಂಪು ಗೋಡೆ ಆ ಕಲ್ಲಿನದೇ. ರಂಧ್ರಗಳಿಂದ ಕೂಡಿದ ಈ ಕಲ್ಲಿನಲ್ಲಿ ಮಳೆನೀರು ನಿಲ್ಲದೆ ಇಳಿದುಹೋಗಿ, ಕೆಳಗಿನ ಕಪ್ಪು ಬಸಾಲ್ಟ್ ಶಿಲೆಯ ಮೇಲೆ ಸಂಗ್ರಹವಾಗುತ್ತದೆ. ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ತೋಡಿ ಇದೇ ನೀರನ್ನು ಹಿಡಿದರು. ಆದರೆ ನೀರು ಇಳಿದುಹೋದ ಮೇಲಿನ ಪದರ ಬೇಸಿಗೆಯಲ್ಲಿ ಒಣಗುತ್ತದೆ. ಒಣ ನೆಲದ ರೋಧ ಹೆಚ್ಚು. ಅಲ್ಲಿ ನೆಟ್ಟ ಭೂಸಂಪರ್ಕದ ಕಂಬಿಗೆ, ದೋಷದ ಸಮಯದಲ್ಲಿ ಪ್ರವಾಹವನ್ನು ನೆಲಕ್ಕೆ ದಾಟಿಸುವುದು ಕಷ್ಟ. ಸಾಕಷ್ಟು ಪ್ರವಾಹ ಹರಿಯದಿದ್ದರೆ ಫ್ಯೂಸ್ ಕರಗುವುದಿಲ್ಲ. ಹರಿದು ಬಿದ್ದ ತಂತಿ ಜೀವಂತವಾಗಿಯೇ ನೆಲದ ಮೇಲೆ ಬಿದ್ದಿರುತ್ತದೆ.

ಔರಾದ್, ಭಾಲ್ಕಿ ಕಡೆಯ ತೊಗರಿ, ಕಡಲೆ, ಸೋಯಾ ಬೆಳೆಯುವ ಹೊಲಗಳಲ್ಲಿ ಎರೆ ಮಣ್ಣು ಹೆಚ್ಚು. ಹಸಿಯಾಗಿದ್ದಾಗ ಇದು ವಿದ್ಯುತ್ತನ್ನು ಚೆನ್ನಾಗಿ ಸಾಗಿಸುತ್ತದೆ. ಆದರೆ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವುದು ಇದರ ಗುಣ. ಬಿರುಕು ಬಿಟ್ಟಾಗ ಭೂಸಂಪರ್ಕದ ಕಂಬಿಯಿಂದ ಮಣ್ಣು ದೂರ ಸರಿಯುತ್ತದೆ. ಉಬ್ಬಿ ಕುಗ್ಗುವ ಮಣ್ಣಿನಲ್ಲಿ ಕಂಬವೂ ವಾಲುತ್ತದೆ. ಕಂಬದ ಉದ್ದದ ಆರನೆಯ ಒಂದು ಭಾಗ ನೆಲದೊಳಗಿರಬೇಕು ಎಂಬುದು ಈ ಕಸುಬಿನ ರೂಢಿಯ ಲೆಕ್ಕ. 9 ಮೀ. ಕಂಬವಾದರೆ ಒಂದೂವರೆ ಮೀಟರ್ ಒಳಗೆ. ಎರೆ ಹೊಲದಲ್ಲಿ ಇಷ್ಟೇ ಸಾಲದು, ಬುಡಕ್ಕೆ ಕಾಂಕ್ರೀಟು ಬೇಕಾಗುತ್ತದೆ. ಟಿ.ಸಿ. ಎಂದು ರೈತರು ಕರೆಯುವ ಪರಿವರ್ತಕದ ಬುಡದಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ನೀವು ಕಂಡಿರಬಹುದು. ಅದು ಭೂಸಂಪರ್ಕದ ರೋಧ ತಗ್ಗಿಸುವ ಉಪಾಯ.

ಸತ್ತ ತಂತಿ ಎಂಬುದಿಲ್ಲ

ಈಗ ನ್ಯೂಯಾರ್ಕಿನ ಫೀಕ್ಸ್‌ನನ್ನು ನೆನಪಿಸಿಕೊಳ್ಳಿ. ಅವನನ್ನು ಕೊಂದದ್ದು 'ಇದರಲ್ಲಿ ಕರೆಂಟಿಲ್ಲ' ಎಂಬ ನಂಬಿಕೆ. ಭಾರತದ 1956ರ ವಿದ್ಯುತ್ ನಿಯಮಗಳು ಈ ನಂಬಿಕೆಗೆ ಜಾಗ ಕೊಡಲಿಲ್ಲ. ಯಾವುದೇ ವಾಹಕವನ್ನು ಮುಟ್ಟುವ ಮೊದಲು ಅದನ್ನು ಭೂಸಂಪರ್ಕಗೊಳಿಸಿ ಅಥವಾ ಬೇರೆ ತಕ್ಕ ಉಪಾಯದಿಂದ ವಿದ್ಯುದಂಶವನ್ನು ಹೊರಹಾಕಬೇಕು, ಮತ್ತೆ ವಿದ್ಯುತ್ ಬಾರದಂತೆ ನೋಡಿಕೊಳ್ಳಬೇಕು ಎಂದು ಅವು ವಿಧಿಸಿದವು. 2003ರ ವಿದ್ಯುಚ್ಛಕ್ತಿ ಕಾಯಿದೆಯ ನಂತರ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಗಳೂ ಇದನ್ನೇ ಮುಂದುವರಿಸಿವೆ.

ಲೈನ್‌ಮನ್‌ಗಳ ಮಾತಿನಲ್ಲಿ ಇದರ ಹೆಸರು 'ಲೈನ್ ಕ್ಲಿಯರ್', ಚಿಕ್ಕದಾಗಿ ಎಲ್.ಸಿ. ಉಪಕೇಂದ್ರದಲ್ಲಿ ಮಾರ್ಗವನ್ನು ನಿಲ್ಲಿಸಿ, ಯಾರು ಯಾವಾಗ ಕೇಳಿದರು ಎಂಬುದನ್ನು ಪುಸ್ತಕದಲ್ಲಿ ಬರೆದುಕೊಂಡು ಅನುಮತಿ ಕೊಡುತ್ತಾರೆ. ಪಡೆದವನೇ ಅದನ್ನು ಹಿಂದಿರುಗಿಸುವವರೆಗೆ ಮಾರ್ಗಕ್ಕೆ ವಿದ್ಯುತ್ ಬಿಡುವಂತಿಲ್ಲ. ಎಲ್.ಸಿ. ಸಿಕ್ಕಿತೆಂದು ಕೂಡಲೇ ಕೈಹಾಕುವಂತೆಯೂ ಇಲ್ಲ. ಕೆಲಸದ ಜಾಗದ ಎರಡೂ ಬದಿಗೆ ಭೂಸಂಪರ್ಕದ ಕೋಲು ಸಿಕ್ಕಿಸಬೇಕು. ಮೊದಲು ನೆಲದ ತುದಿ, ಆಮೇಲೆ ತಂತಿಯ ತುದಿ. ತೆಗೆಯುವಾಗ ಇದರ ತಿರುವುಮುರುವು.

ಉಪಕೇಂದ್ರದಲ್ಲಿ ನಿಲ್ಲಿಸಿದ ಮೇಲೂ ವಿದ್ಯುತ್ ಎಲ್ಲಿಂದ ಬರುತ್ತದೆ? ಪರಿವರ್ತಕದ ಪಾಠವನ್ನು ನೆನೆಯಿರಿ. ಹಳ್ಳಿಯ ಟಿ.ಸಿ. 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ. ಇದು ತಂತಿ-ತಂತಿಗಳ ನಡುವಿನ ಅಂತರ. ಒಂದು ತಂತಿಗೂ ತಟಸ್ಥ ತಂತಿಗೂ ನಡುವೆ ಇದು 250 ವೋಲ್ಟ್. ಆದ್ದರಿಂದ ಸುರುಳಿಗಳ ಅನುಪಾತ 11,000 ಭಾಗಿಸು 250, ಎಂದರೆ 44. ಪರಿವರ್ತಕಕ್ಕೆ ಮೇಲೆ ಕೆಳಗೆ ಎಂಬ ಭೇದವಿಲ್ಲ. ಕೆಳಗಿನ ಬದಿಯಿಂದ ವಿದ್ಯುತ್ ಕೊಟ್ಟರೆ ಮೇಲಿನ ಬದಿಯಲ್ಲಿ ಅದು ಹೆಚ್ಚಾಗಿ ಬರುತ್ತದೆ. ಮದುವೆ ಮನೆಯವರೋ ಅಂಗಡಿಯವರೋ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವಯರಿಂಗಿಗೆ ಸೇರಿಸಿದರು ಎನ್ನಿ. 230 ಗುಣಿಸು 44, ಎಂದರೆ 10,120 ವೋಲ್ಟ್! 'ನಿಲ್ಲಿಸಿದ' ಮಾರ್ಗದಲ್ಲಿ ಕೆಲಸ ಮಾಡುವವನ ಕೈಯಲ್ಲಿ ಅದು ಪ್ರತ್ಯಕ್ಷವಾಗುತ್ತದೆ. ಊರಿನ ಉಳಿದ ಮನೆಗಳ ಹೊರೆಗೆ ಜನರೇಟರು ಕುಸಿದು ನಿಲ್ಲಬಹುದು ನಿಜ. ಆದರೆ ನಿಲ್ಲುವ ಮೊದಲಿನ ಕ್ಷಣವೇ ಸಾಕು.

ಕಡಿಮೆ ವೋಲ್ಟೇಜೂ ಸೌಮ್ಯವಲ್ಲ. ಒದ್ದೆ ಮೈಯ ರೋಧವನ್ನು ಸುಮಾರು 1,000 ಓಮ್ ಎಂದಿಟ್ಟುಕೊಳ್ಳಿ. ಓಮನ ನಿಯಮದಂತೆ 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಮನೆಯಲ್ಲಿ ಜೀವರಕ್ಷಣೆಗೆಂದು ಹಾಕುವ ಸೋರಿಕೆ ನಿರೋಧಕ ಸ್ವಿಚ್ಚು 30 ಮಿಲಿಆಂಪಿಯರಿಗೇ ಸರಬರಾಜನ್ನು ಕಡಿಯುವಂತೆ ಮಾಡಿರುತ್ತಾರೆ. ಅಪಾಯ ಎಷ್ಟು ಪಟ್ಟು ಎಂಬುದನ್ನು ನೀವೇ ಲೆಕ್ಕ ಹಾಕಿ. ಭಾರತದಲ್ಲಿ ವಿದ್ಯುದಾಘಾತದಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿರುವುದಾಗಿ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಗಳು ಹೇಳುತ್ತವೆ. ಇವರಲ್ಲಿ ಕೆಲಸಗಾರರೂ ಇದ್ದಾರೆ, ರೈತರೂ ಇದ್ದಾರೆ, ಮಕ್ಕಳೂ ಇದ್ದಾರೆ.

ಶಿಕ್ಷಕರ ಕೈಯಲ್ಲಿರುವುದು

2021ರಿಂದ ಮಾರ್ಚ್ 4ನ್ನು ನಮ್ಮ ದೇಶದಲ್ಲಿ ಲೈನ್‌ಮನ್ ದಿನವಾಗಿ ಆಚರಿಸುತ್ತಾರೆ. ಗೌರವ ಒಳ್ಳೆಯದೇ. ಅದಕ್ಕಿಂತ ದೊಡ್ಡ ಉಪಕಾರ ತರಗತಿಯಲ್ಲಿ ಆಗಬಲ್ಲದು.

ನೇಮಕಾತಿಗೆ ಎಸ್ಸೆಸ್ಸೆಲ್ಸಿ ಅಂಕವೇ ಆಧಾರವಾಗಿರುವಾಗ, ಕೆಲಸಕ್ಕೆ ಸೇರುವ ಪ್ರತಿಯೊಬ್ಬರೂ ಖಂಡಿತವಾಗಿ ಓದಿರುವ ವಿದ್ಯುತ್ ವಿಜ್ಞಾನ ಎಂದರೆ ಶಾಲೆಯ ಆ ಒಂದೆರಡು ಅಧ್ಯಾಯಗಳು. ಓಮನ ನಿಯಮ, ಶಾಖ ಪರಿಣಾಮ, ಫ್ಯೂಸು, ಭೂತಂತಿ ಅಲ್ಲಿವೆ. ಆದರೆ ಎನ್.ಸಿ.ಇ.ಆರ್.ಟಿ. 2022ರಲ್ಲಿ ಹತ್ತನೆಯ ತರಗತಿಯ ಪಠ್ಯವನ್ನು ಹಗುರ ಮಾಡಿದಾಗ ಮೋಟಾರು, ಜನರೇಟರುಗಳ ಜೊತೆ ವಿದ್ಯುತ್ಕಾಂತೀಯ ಪ್ರೇರಣೆಯನ್ನೂ ಕೈಬಿಟ್ಟಿತು. ಪರಿವರ್ತಕ ಕೆಲಸ ಮಾಡುವುದು ಆ ಪ್ರೇರಣೆಯಿಂದಲೇ. ಮುಂದೆ ವಿಜ್ಞಾನ ಓದುವವನು ಅದನ್ನು ಪಿ.ಯು.ಸಿ.ಯಲ್ಲಿ ಕಲಿಯುತ್ತಾನೆ. ಹತ್ತಕ್ಕೇ ಓದು ಮುಗಿಸಿ ಗ್ಯಾಂಗಿಗೆ ಸೇರುವ ಹುಡುಗ ಎಲ್ಲಿ ಕಲಿಯಬೇಕು?

ಆದ್ದರಿಂದ ಶಿಕ್ಷಕರೇ, ಪರೀಕ್ಷೆಗೆ ಬಾರದಿದ್ದರೂ ಒಂದು ಪೀರಿಯಡ್ ಇದಕ್ಕೆ ಮೀಸಲಿಡಿ. ಒಂದು ಸುರುಳಿ, ಒಂದು ದಂಡಕಾಂತ, ಒಂದು ಗ್ಯಾಲ್ವನೋಮೀಟರ್ ಇದ್ದರೆ ಪ್ರೇರಣೆಯನ್ನು ತೋರಿಸಬಹುದು. ಅದರ ಮೇಲೆ 44ರ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಿ. ಮಕ್ಕಳನ್ನು ಊರಿನ ಟಿ.ಸಿ.ಯ ಹತ್ತಿರ ಕರೆದೊಯ್ದು ಬೇಲಿಯ ಹೊರಗೆ ನಿಲ್ಲಿಸಿ, ದೂರದಿಂದಲೇ ಯಾವುದು ಏನು ಎಂದು ಹೇಳಿ. ಸಾಧ್ಯವಾದರೆ ನಿಮ್ಮೂರ ಲೈನ್‌ಮನ್‌ರನ್ನು ಶಾಲೆಗೆ ಕರೆದು ಮಾತಾಡಿಸಿ. ಎಲ್.ಸಿ. ಏಕೆ, ಎರಡೂ ಬದಿಗೆ ಕೋಲು ಏಕೆ ಎಂದು ಅವರು ನಮ್ಮ ಬೀದರ್ ಕನ್ನಡದಲ್ಲಿ ಹೇಳಿದರೆ ಅದು ಮರೆಯುವ ಪಾಠವಲ್ಲ. ಕನ್ನಡದಲ್ಲಿ ಅಕ್ಷರ ಕಲಿಸಲೆಂದು ಉರ್ದು ಫಲಕದ ಹಿಂದೆ ಶಾಲೆ ನಡೆಸಿದ ನೆಲದಲ್ಲಿ, ಜೀವ ಉಳಿಸುವ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಈಗ ಯಾವ ಫಲಕದ ಮರೆಯೂ ಬೇಕಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಈ ಕಸುಬಿಗೆ ಹೋಗುವುದಾದರೆ ಕಂಬ ಹತ್ತುವುದನ್ನು ಅಭ್ಯಾಸ ಮಾಡಿ. ಅದಕ್ಕೆ ಮುಂಚೆ, ಮುಟ್ಟಲಿರುವ ಪ್ರತಿಯೊಂದು ತಂತಿಗೂ ಒಂದು ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿ: ಇದರಲ್ಲಿ ವಿದ್ಯುತ್ ಇಲ್ಲ ಎಂದು ನನಗೆ ಹೇಗೆ ಗೊತ್ತು?